ಹೊಲಿಗೆ ಬಿಚ್ಚಿದ ಮೇಲೆ

ಕೆಲವು ವರ್ಷಗಳ ಹಿಂದಿನ ಮಾತು. ಹರಿಹರದಲ್ಲಿ ಶ್ರೀ ಹರಿಹರೇಶ್ವರ ದೇವಾಲಯದ ಬಳಿ ನಡುವಯಸ್ಸಿನ ಒಬ್ಬರು ನನ್ನನ್ನು ಗುರುತಿಸಿ ನಿಂತರು. ಕೈಮುಗಿಯಲೆಂದು ಎರಡೂ ಕೈಗಳನ್ನು ಎತ್ತಿದರು. ಬಲಗೈಯ ಮೂರು ಬೆರಳುಗಳು ಅಂಗೈಯೊಳಕ್ಕೆ ಮಡಿಚಿ ಸೆಟೆದುಕೊಂಡಿದ್ದವು, ಕೈಗಳು ಕೂಡಲಿಲ್ಲ. ಹಿಂದೊಮ್ಮೆ ಸಣ್ಣದೊಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ತಗಡು ಜಾರಿ ಅವರ ಅಂಗೈಯನ್ನು ಸೀಳಿತ್ತು. ಬೆರಳುಗಳನ್ನು ಮಡಿಸುವ, ಜನರು ವಾಡಿಕೆಯಲ್ಲಿ ನರ ಎಂದು ಕರೆಯುವ, ಸ್ನಾಯುರಜ್ಜುಗಳು ತುಂಡಾಗಿದ್ದವು. ಅವುಗಳನ್ನು ಜೋಡಿಸಿದವನು ನಾನೇ.

"ಕೈ ಹೀಗೇಕಾಯಿತು?" ಎಂದು ಕೇಳಿದೆ.

"ಆಪರೇಷನ್ ಛಲೋ ಮಾಡಿದ್ರಿ ಸಾರ್. ಪಟ್ಟಿ ಬಿಚ್ಚಬ್ಯಾಡ, ಮುಂದಿನ ಸಲ ಬಂದಾಗ ನೋಡೋಣ ಅಂದಿದ್ರಿ. ಬರಾಕ ಆಗ್ಲಿಲ್ಲ. ನೀವು ಬೈತೀರಿ ಅಂತ ಮೂರು ತಿಂಗಳು ಬಿಚ್ಚಲೇ ಇಲ್ಲ ನೋಡ್ರಿ" ಎಂದರು. ತಪ್ಪು ತಮ್ಮದೇ ಎಂಬ ಸಂಕೋಚ ಅವರ ಮುಖದಲ್ಲಿತ್ತು.

ಅವರು ದಿನಗೂಲಿಯವರು. ಆಸ್ಪತ್ರೆಗೆ ಒಮ್ಮೆ ಬಂದುಹೋಗಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ನಾನು ಬರೆದುಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೆಸರಿತ್ತು. ಬೆರಳನ್ನು ಆಡಿಸುವ ವ್ಯಾಯಾಮದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಮುಂದಿನ ಭೇಟಿಯಲ್ಲಿ ಹೇಳುವವನಿದ್ದೆ. ಆ ಮುಂದಿನ ಭೇಟಿ ನಡೆಯಲೇ ಇಲ್ಲ. ಅದು ನಡೆಯಲಿಲ್ಲವೆಂಬುದು ನನಗೆ ತಿಳಿಯಲೂ ಇಲ್ಲ. ಆ ವರ್ಷ ನಾನು ಅಂತಹ ಎಷ್ಟು ಕೈಗಳನ್ನು ಹೊಲಿದೆನೆಂಬುದಕ್ಕೆ ದಾಖಲೆಯಿದೆ. ಅವುಗಳಲ್ಲಿ ಎಷ್ಟು ಕೈಗಳು ಮತ್ತೆ ರೊಟ್ಟಿ ಮುರಿದವು, ಎಷ್ಟು ಕೈಗಳು ಮತ್ತೆ ಸ್ಪ್ಯಾನರ್ ಹಿಡಿದವು ಎಂಬುದಕ್ಕೆ ದಾಖಲೆಯಿಲ್ಲ. ನನ್ನ ಪುಸ್ತಕದಲ್ಲಿ ಆ ಶಸ್ತ್ರಚಿಕಿತ್ಸೆ ಇಂದಿಗೂ 'ಯಶಸ್ವಿ' ಎಂದೇ ಇದೆ.

ಸದ್ಭಕ್ತರೆಲ್ಲರ ಮುಂದೆ ನಾನು ಇಡಬಯಸುವ ವಿಚಾರ ಇದರಿಂದಲೇ ಹುಟ್ಟಿದ್ದು. ಬಡವರಿಗೆ ಶಸ್ತ್ರಚಿಕಿತ್ಸೆ ದೊರಕಿಸಿಕೊಡುವುದರಲ್ಲಿ ನಮ್ಮ ಭಾಗದ ಮಠಗಳೂ ದಾನಿಗಳೂ ಸಂಘಸಂಸ್ಥೆಗಳೂ ಬಹಳ ಮಾಡಿದ್ದಾರೆ. ಆ ಶಸ್ತ್ರಚಿಕಿತ್ಸೆಯ ನಂತರ ಆ ಮನುಷ್ಯನಿಗೆ ಏನಾಯಿತೆಂದು ಕ್ರಮವಾಗಿ ಕೇಳುವ, ಬರೆದಿಡುವ, ಅದರಿಂದ ಕಲಿಯುವ ಪದ್ಧತಿಯನ್ನು ಮಾತ್ರ ನಾವು ಬೆಳೆಸಿಕೊಂಡಿಲ್ಲ. ಈ ಪದ್ಧತಿಗೇ ಸಂಶೋಧನೆ ಎಂದು ಹೆಸರು. ಅದು ದೊಡ್ಡ ನಗರಗಳ ಪ್ರಯೋಗಶಾಲೆಗಳಿಗೆ ಸೇರಿದ್ದು, ನಮ್ಮಂತಹ ಜಿಲ್ಲೆಗಳಿಗೆ ಸೇವೆಯೇ ಸಾಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಭಾವನೆಯ ಬೆಲೆಯನ್ನು ತೆರುತ್ತಿರುವವರು ಬಡವರೇ.

ನಮ್ಮಲ್ಲಿ ಇರುವುದು, ಇಲ್ಲದಿರುವುದು

ದಾವಣಗೆರೆಯು ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೂರು ದಶಕಗಳ ಮೊದಲೇ, 1965ರಲ್ಲಿ, ಇಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಗಿತ್ತು. ಬಾಪೂಜಿ ವಿದ್ಯಾಸಂಸ್ಥೆಯು ಸ್ಥಾಪಿಸಿದ ಆ ಕಾಲೇಜು ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರನ್ನು ಹೊತ್ತಿದೆ. ಚಿಗಟೇರಿ ಆಸ್ಪತ್ರೆಯಿದೆ, ಬಾಪೂಜಿ ಆಸ್ಪತ್ರೆಯಿದೆ, ನಂತರ ಬಂದ ಎರಡನೆಯ ವೈದ್ಯಕೀಯ ಕಾಲೇಜಿದೆ. ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವೂ ಇಲ್ಲಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಆಶಾ ಕಾರ್ಯಕರ್ತೆಯರಿದ್ದಾರೆ. ಇಷ್ಟೊಂದು ಅನುಕೂಲಗಳು ಎಲ್ಲ ಜಿಲ್ಲೆಗಳಿಗೂ ಒದಗಿಲ್ಲ.

ಇವುಗಳ ನಡುವಿನ ದಾರಿ ಮಾತ್ರ ಇನ್ನೂ ಆಗಿಲ್ಲ. ಶಸ್ತ್ರವೈದ್ಯನಿಗೆ ಹಳ್ಳಿಯ ಪುನರ್ವಸತಿ ಕಾರ್ಯಕರ್ತ ಯಾರೆಂಬುದು ಗೊತ್ತಿಲ್ಲ. ಆ ಕಾರ್ಯಕರ್ತನಿಗೆ ತನ್ನ ಊರಿನ ಯಾರಿಗೆ, ಯಾವ ಶಸ್ತ್ರಚಿಕಿತ್ಸೆ ಆಯಿತೆಂಬುದು ಗೊತ್ತಿಲ್ಲ. ಫಿಸಿಯೋಥೆರಪಿಯೆಂದರೆ 'ಕರೆಂಟ್ ಕೊಡಿಸುವುದು' ಎಂದು ತಿಳಿದವರೇ ಹೆಚ್ಚು. ಮನೆಯಲ್ಲಿಯೇ, ಯಾವ ಯಂತ್ರವೂ ಇಲ್ಲದೆ, ದಿನಕ್ಕೆ ಹಲವು ಬಾರಿ ಮಾಡಬೇಕಾದ ಚಲನೆಯೇ ಅದರ ತಿರುಳೆಂಬುದನ್ನು ಹೇಳುವವರಿಲ್ಲ.

ನಮ್ಮ ಭಾಗದ ಗಾಯಗಳು ನಮ್ಮ ಭಾಗದ ದುಡಿಮೆಯಿಂದಲೇ ಬರುತ್ತವೆ. ಹರಿಹರದ ವರ್ಕ್‌ಶಾಪುಗಳಲ್ಲಿ ಕೈ ಕತ್ತರಿಸುತ್ತದೆ. ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಬೆರಳು ಸಿಕ್ಕುತ್ತದೆ. ಚನ್ನಗಿರಿಯ ಕಡೆ ಅಡಿಕೆ ಮರದಿಂದ ಬಿದ್ದವರ ಬೆನ್ನುಹುರಿ ಜಜ್ಜಿಹೋಗುತ್ತದೆ. ಮಂಡಕ್ಕಿ ಭಟ್ಟಿಯ ಕಾದ ಮರಳು ಮೈಸುಟ್ಟರೆ ಗಾಯ ಮಾಗುವಾಗ ಚರ್ಮ ಸೆಳೆದುಕೊಂಡು ಮೊಣಕೈ ಮಡಿಚಿಕೊಳ್ಳುತ್ತದೆ. ಹೆದ್ದಾರಿಯ ಅಪಘಾತಗಳಂತೂ ನಿತ್ಯದ ಮಾತು. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವಕನು ಐದು ವರ್ಷಗಳ ನಂತರ ಹೇಗಿದ್ದಾನೆ, ಬದುಕಿದ್ದಾನೆಯೇ, ಹಾಸಿಗೆ ಹುಣ್ಣಿನಿಂದ ನರಳುತ್ತಿದ್ದಾನೆಯೇ, ಗಾಲಿಕುರ್ಚಿಯಲ್ಲಿ ಕುಳಿತು ಅಂಗಡಿ ನಡೆಸುತ್ತಿದ್ದಾನೆಯೇ? ಇದನ್ನು ಲಂಡನ್ನಿನ ವಿಜ್ಞಾನಿ ಬಂದು ಕೇಳಲಾರ. ನಾವೇ ಕೇಳಬೇಕು.

ನದಿಯ ಎರಡು ದಡಗಳು

ಹೀಗೆ ಎಣಿಸಿದರೆ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರವು ನಮ್ಮ ರಾಜ್ಯದಲ್ಲಿಯೇ ಇದೆ. ಬಡ ಕುಟುಂಬಗಳ ಹೃದ್ರೋಗ, ಕ್ಯಾನ್ಸರ್, ಸುಟ್ಟಗಾಯ, ತೀವ್ರ ಅಪಘಾತ ಮೊದಲಾದವುಗಳಿಗೆ ಉಚಿತ ಚಿಕಿತ್ಸೆ ನೀಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊದಲು ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳಿಗೆ ಬಂದಿತು. ಬೆಂಗಳೂರು ವಿಭಾಗಕ್ಕೆ ಸೇರಿದ ನಮ್ಮ ದಾವಣಗೆರೆಯು 2012ರವರೆಗೆ ಕಾಯಬೇಕಾಯಿತು. ಹರಿಹರದ ತುಂಗಭದ್ರಾ ಸೇತುವೆಯನ್ನು ದಾಟಿದರೆ ಹಾವೇರಿ ಜಿಲ್ಲೆ, ಬೆಳಗಾವಿ ವಿಭಾಗ. ಭಾಷೆ ಒಂದೇ, ಬೆಳೆ ಒಂದೇ, ಬಡತನ ಒಂದೇ. ಆದರೆ ಆ ಎರಡು ವರ್ಷ ಒಂದು ದಡದವರಿಗೆ ಈ ಸೌಲಭ್ಯವಿತ್ತು, ಇನ್ನೊಂದು ದಡದವರಿಗೆ ಇರಲಿಲ್ಲ.

ಉತ್ತರ ಮತ್ತು ದಕ್ಷಿಣ ವಿಭಾಗಗಳ ಇಂತಹ ಗಡಿಯುದ್ದಕ್ಕೂ ಇರುವ 572 ಹಳ್ಳಿಗಳಲ್ಲಿ ಸಂಶೋಧಕರು ಸುಮಾರು 60,000 ಕುಟುಂಬಗಳ ಮಾಹಿತಿ ಸಂಗ್ರಹಿಸಿದರು. ಅದರ ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣವು ಯೋಜನೆಯಿದ್ದ ಹಳ್ಳಿಗಳಲ್ಲಿ ಶೇ. 0.32 ಇದ್ದರೆ ಇಲ್ಲದ ಹಳ್ಳಿಗಳಲ್ಲಿ ಶೇ. 0.90 ಇತ್ತು. ಅಂದರೆ ಶೇ. 64ರಷ್ಟು ಕಡಿಮೆ. ಬಡವರ ಚಿಕಿತ್ಸೆಗೆ ಹಣ ಸುರಿಯುವುದು ವ್ಯರ್ಥವೆಂದು ವಾದಿಸುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ಯಾವ ಭಾಷಣವೂ ಕೊಡಲಾರದು. ಈ ಸತ್ಯ ಹೊರಬಿದ್ದದ್ದು ಯಾರೋ ಮನೆಮನೆಯ ಬಾಗಿಲಿಗೆ ಹೋಗಿ, "ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೇ? ಯಾವ ಕಾಯಿಲೆಯಿಂದ?" ಎಂದು ತಾಳ್ಮೆಯಿಂದ ಕೇಳಿದ್ದರಿಂದ. ಆ ಕೇಳುವ ಶಕ್ತಿ ನಮ್ಮ ಜಿಲ್ಲೆಯಲ್ಲಿಯೇ ಏಕೆ ಬೆಳೆಯಬಾರದು?

ಒಳ್ಳೆಯ ಉದ್ದೇಶ ಸಾಲದು

"ಇದೆಲ್ಲ ಸಾಮಾನ್ಯ ಜ್ಞಾನ, ಇದಕ್ಕೆ ಸಂಶೋಧನೆ ಏಕೆ?" ಎಂದು ಹಿರಿಯ ವೈದ್ಯಮಿತ್ರರೇ ಕೇಳುವುದುಂಟು. ಸಾಮಾನ್ಯ ಜ್ಞಾನವು ಕೆಲವೊಮ್ಮೆ ಸರಿಯಿರುತ್ತದೆ, ಕೆಲವೊಮ್ಮೆ ತಪ್ಪಿರುತ್ತದೆ. ಯಾವುದು ಸರಿಯೆಂಬುದು ಪರೀಕ್ಷಿಸದೆ ತಿಳಿಯದು. ಎರಡು ಉದಾಹರಣೆಗಳನ್ನು ನೋಡೋಣ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಗಾಯ ಮುಚ್ಚುವ ಮುನ್ನ ಕೈಗವಸು ಮತ್ತು ಉಪಕರಣಗಳನ್ನು ಬದಲಾಯಿಸಿದರೆ ಕೀವಾಗುವುದು ತಪ್ಪೀತೇ? ಭಾರತವೂ ಸೇರಿದಂತೆ ಏಳು ದೇಶಗಳ 81 ಆಸ್ಪತ್ರೆಗಳು ಕೂಡಿ 13,301 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದವು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು: ಸೋಂಕಿನ ಪ್ರಮಾಣ ಶೇ. 18.9ರಿಂದ ಶೇ. 16ಕ್ಕೆ ಇಳಿದಿತ್ತು. ನೂರು ರೋಗಿಗಳಲ್ಲಿ ಸುಮಾರು ಮೂವರಿಗೆ ಕೀವಿನ ಕಷ್ಟ ತಪ್ಪಿತು. ಇದಕ್ಕೆ ಬೇಕಾದದ್ದು ಹೊಸ ಜೊತೆ ಕೈಗವಸು ಮತ್ತು ಶುದ್ಧೀಕರಿಸಿದ ಉಪಕರಣಗಳು ಮಾತ್ರ. ಇಂತಹ ಸೋಂಕನ್ನು ಶಸ್ತ್ರಚಿಕಿತ್ಸೆಯ ನಂತರ 30 ದಿನಗಳವರೆಗೆ ಗಮನಿಸಬೇಕೆಂಬುದು ನಿಯಮ. ಏಳನೆಯ ದಿನವೇ ರೋಗಿಯನ್ನು ಮನೆಗೆ ಕಳುಹಿಸಿ ಮತ್ತೆ ಕೇಳದವರ ಪುಸ್ತಕದಲ್ಲಿ ಸೋಂಕು ಕಡಿಮೆಯೆಂದೇ ಕಾಣುತ್ತದೆ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ಉದಾಹರಣೆ ಪಾರ್ಶ್ವವಾಯುವಿನದು. ಫಿಸಿಯೋಥೆರಪಿ ತಜ್ಞರು ಸಾಕಷ್ಟಿಲ್ಲ; ಆದುದರಿಂದ ಮನೆಯವರಿಗೇ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೆ ರೋಗಿಯು ಬೇಗ ಸ್ವತಂತ್ರನಾದಾನೆಂದು ಎಲ್ಲರೂ ನಂಬಿದ್ದರು. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಡನೆ ಇದನ್ನು ಪರೀಕ್ಷಿಸಲಾಯಿತು. 2017ರಲ್ಲಿ ಬಂದ ಫಲಿತಾಂಶ ಎಲ್ಲರ ನಿರೀಕ್ಷೆಯನ್ನು ಸುಳ್ಳಾಗಿಸಿತು. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ. 47ರಷ್ಟು ಜನರು ಮರಣಿಸಿದ್ದರು ಇಲ್ಲವೇ ಪರಾವಲಂಬಿಗಳಾಗಿದ್ದರು. ಮನೆಯವರ ಆರೈಕೆ ಬೇಡವೆಂದು ಇದರ ಅರ್ಥವಲ್ಲ. ತರಬೇತಿ ಪಡೆದ ತಜ್ಞರ ಹೊಣೆಯನ್ನು ಮನೆಯ ಹೆಂಗಸರ ಹೆಗಲಿಗೆ ದಾಟಿಸಿ ಕೈತೊಳೆದುಕೊಳ್ಳುವುದರಿಂದ ಕೆಲಸವಾಗದು ಎಂಬುದು ಅದರ ಪಾಠ. ಈ ಪರೀಕ್ಷೆ ನಡೆಯದಿದ್ದರೆ ಎಷ್ಟೋ ಸಂಸ್ಥೆಗಳು ಒಳ್ಳೆಯ ಮನಸ್ಸಿನಿಂದಲೇ ಫಲವಿಲ್ಲದ ದಾರಿಯಲ್ಲಿ ಹಣವನ್ನೂ ಶ್ರಮವನ್ನೂ ವ್ಯಯಿಸುತ್ತಿದ್ದವು.

ಸಣ್ಣ ಊರಿನಲ್ಲಿ ಇದು ಸಾಧ್ಯವೇ ಎಂಬ ಸಂಶಯಕ್ಕೆ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡೈಚಾ ಉತ್ತರ ಕೊಡುತ್ತದೆ. ಅಲ್ಲಿನ ಗ್ರಾಮೀಣ ಶಸ್ತ್ರವೈದ್ಯ ಡಾ. ರವೀಂದ್ರನಾಥ ತೊಂಗಾಂವ್ಕರ್ ಅವರು ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬೇಕಾದ ದುಬಾರಿ ಜಾಲರಿಯ ಬದಲು, ಕ್ರಮಬದ್ಧವಾಗಿ ಶುದ್ಧೀಕರಿಸಿದ ಸೊಳ್ಳೆಪರದೆಯ ಬಟ್ಟೆಯನ್ನು ಬಳಸಿದರು. ಬಳಸಿ ಸುಮ್ಮನಾಗಲಿಲ್ಲ, ಇತರ ಶಸ್ತ್ರವೈದ್ಯರನ್ನೂ ಕೂಡಿಸಿಕೊಂಡು, ರೋಗಿಗಳಿಗೆ ಏನಾಯಿತೆಂದು ನೋಡಿ, ಬರೆದು, ಪ್ರಕಟಿಸಿದರು. ಅನಂತರ ಆಫ್ರಿಕಾದ ಉಗಾಂಡದಲ್ಲಿ ಅಗ್ಗದ ಜಾಲರಿಯನ್ನೂ ದುಬಾರಿ ಜಾಲರಿಯನ್ನೂ 302 ಪುರುಷರಲ್ಲಿ ಹೋಲಿಸಿ ನೋಡಲಾಯಿತು. ಗಣನೀಯ ವ್ಯತ್ಯಾಸವಿಲ್ಲವೆಂದು 2016ರಲ್ಲಿ ಪ್ರಕಟವಾಯಿತು. ದೊಂಡೈಚಾ ಊರು ನಮ್ಮ ಹರಿಹರಕ್ಕಿಂತ ದೊಡ್ಡದೇನಲ್ಲ.

ವಿಪತ್ತು ಬರುವ ಮೊದಲೇ

ಜಗತ್ತಿನಲ್ಲಿ 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟಕುವ ಬೆಲೆಯ ಶಸ್ತ್ರಚಿಕಿತ್ಸೆ ಸಕಾಲದಲ್ಲಿ ದೊರೆಯುತ್ತಿಲ್ಲವೆಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2015ರಲ್ಲಿ ಹೇಳಿತು. ಪುನಶ್ಚೇತನ ಚಿಕಿತ್ಸೆಯಿಂದ ಪ್ರಯೋಜನ ಪಡೆಯಬಹುದಾದವರು 240 ಕೋಟಿ ಜನರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಭೂಕಂಪ, ನೆರೆ, ಯುದ್ಧಗಳು ಬಂದೆರಗುವುದು ಬಹುಮಟ್ಟಿಗೆ ಇಂತಹ ಜನರ ಮೇಲೆಯೇ.

2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಹೊರದೇಶಗಳ ವೈದ್ಯ ತಂಡಗಳು ಧಾವಿಸಿ ಬಂದವು. ಸಾವಿರಾರು ಜನರ ಕೈಕಾಲುಗಳನ್ನು ಕತ್ತರಿಸಬೇಕಾಯಿತು. ಎಷ್ಟು ಜನರದೆಂದರೆ ಇಂದಿಗೂ ಇರುವುದು ಅಂದಾಜು ಮಾತ್ರ, ಏಕೆಂದರೆ ದಾಖಲೆಗಳು ಸರಿಯಾಗಿ ಉಳಿಯಲಿಲ್ಲ. ತಂಡಗಳು ತಮ್ಮ ದೇಶಗಳಿಗೆ ಮರಳಿದ ಮೇಲೆ ಗಾಯಾಳುಗಳ ಕೃತಕ ಕಾಲು, ನಡಿಗೆಯ ಅಭ್ಯಾಸ, ದುಡಿಮೆಗಳ ಹೊಣೆ ಅತಂತ್ರವಾಯಿತು. ಇಂತಹ ಅನುಭವಗಳಿಂದ ಕಲಿತು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ವಿಪತ್ತಿನ ಶಸ್ತ್ರಚಿಕಿತ್ಸಾ ತಂಡಗಳಲ್ಲಿ 20 ಹಾಸಿಗೆಗಳಿಗೆ ಕನಿಷ್ಠ ಒಬ್ಬ ಪುನಶ್ಚೇತನ ತಜ್ಞ ಇರಬೇಕೆಂದು ಸೂಚಿಸಿತು.

ನೇಪಾಳದ ಕಥೆ ಬೇರೆ. ಅಲ್ಲಿ ಬೆನ್ನುಹುರಿಯ ಗಾಯಾಳುಗಳಿಗಾಗಿ 2002ರಲ್ಲಿಯೇ ಒಂದು ಪುನಶ್ಚೇತನ ಕೇಂದ್ರ ಆರಂಭವಾಗಿತ್ತು. ಆಮೇಲೆ ಅದು ಕಠ್ಮಂಡು ಕಣಿವೆಯಂಚಿನ ಸಾಂಗಾ ಎಂಬಲ್ಲಿ ನೆಲೆಗೊಂಡಿತು. 2015ರ ಏಪ್ರಿಲ್‌ನಲ್ಲಿ ಭೂಮಿ ನಡುಗಿದಾಗ ಬೆನ್ನು ಮುರಿದವರನ್ನು ಎಲ್ಲಿಗೆ ಕಳುಹಿಸಬೇಕು, ಹೇಗೆ ಮಗ್ಗುಲು ಬದಲಿಸಬೇಕು, ಏನನ್ನು ಬರೆದಿಡಬೇಕೆಂದು ತಿಳಿದ ಕೈಗಳು ಅಲ್ಲಿ ಸಿದ್ಧವಾಗಿದ್ದವು. ಆ ಸಿದ್ಧತೆ ಹದಿಮೂರು ವರ್ಷಗಳ ದಿನನಿತ್ಯದ ದುಡಿಮೆಯಿಂದ ಬಂದದ್ದು. ತುಂಗಭದ್ರೆ ಉಕ್ಕಿ ಹರಿಹರದ ನದಿದಂಡೆಯ ಬಡಾವಣೆಗಳಿಗೆ ನೀರು ನುಗ್ಗಿದಾಗ ಕಾಳಜಿ ಕೇಂದ್ರದಲ್ಲಿ ಎಷ್ಟು ಜನರಿಗೆ ಊರುಗೋಲು ಬೇಕು, ಎಷ್ಟು ಜನರು ಹಾಸಿಗೆ ಹಿಡಿದವರು ಎಂಬುದು ಆ ರಾತ್ರಿ ಲೆಕ್ಕ ಹಾಕುವ ವಿಷಯವಲ್ಲ, ಮೊದಲೇ ತಿಳಿದಿರಬೇಕು.

ಮಠಗಳೂ ಭಕ್ತರೂ ಮಾಡಬಹುದಾದುದು

ನನ್ನ ಸಲಹೆಗಳು ಸರಳವಾದವು. ಮೊದಲನೆಯದು, ಮಠಗಳ ಆಶ್ರಯದಲ್ಲಿ ನಡೆಯುವ ಪ್ರತಿಯೊಂದು ಉಚಿತ ಶಸ್ತ್ರಚಿಕಿತ್ಸಾ ಶಿಬಿರಕ್ಕೂ, ಸಾಧನ ಸಲಕರಣೆ ವಿತರಣೆಗೂ ಒಂದು ಅನುಸರಣಾ ಪುಸ್ತಕ ಇರಲಿ. ಒಂದು ತಿಂಗಳು, ಆರು ತಿಂಗಳು, ಒಂದು ವರ್ಷವಾದಾಗ ಐದು ಪ್ರಶ್ನೆಗಳನ್ನು ಕೇಳಲಿ. ಗಾಯದಲ್ಲಿ ಕೀವು, ನೋವು ಉಂಟಾಯಿತೇ? ಊಟ, ಸ್ನಾನ, ನಡಿಗೆಗಳಿಗೆ ಇನ್ನೊಬ್ಬರ ನೆರವು ಬೇಕೇ? ಹಿಂದಿನ ದುಡಿಮೆಗೆ ಮರಳಿದಿರಾ? ಕೊಟ್ಟ ಕನ್ನಡಕ, ಕ್ಯಾಲಿಪರ್, ಕೃತಕ ಕಾಲು ಬಳಕೆಯಲ್ಲಿದೆಯೇ, ಮೂಲೆ ಸೇರಿದೆಯೇ? ಚಿಕಿತ್ಸೆಯ ಓಡಾಟಕ್ಕಾಗಿ ಸಾಲವಾಯಿತೇ? ಓದುಬರಹ ಬಲ್ಲ ಯಾವ ಯುವಕ ಯುವತಿಯಾದರೂ ದೂರವಾಣಿಯಲ್ಲಿ ಇವನ್ನು ಕೇಳಬಲ್ಲರು. ಉತ್ತರ ಬಾರದವರ ಮನೆಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹೋಗಿ ನೋಡಬಲ್ಲರು. ತೊಂದರೆ ಇದೆಯೆಂದು ತಿಳಿದ ಮೇಲೆ ಅವರನ್ನು ಮತ್ತೆ ಚಿಕಿತ್ಸೆಗೆ ಕರೆತರುವುದು ಕೇಳಿದವರ ಧರ್ಮ. ಕೇಳಿ ಸುಮ್ಮನಾಗುವುದು ಸಲ್ಲದು.

ಎರಡನೆಯದು, ನಮ್ಮ ವೈದ್ಯಕೀಯ ಕಾಲೇಜುಗಳ ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೆಯಲೇಬೇಕು. ವರ್ಷವರ್ಷವೂ ಬರುವ ಆ ಪ್ರಬಂಧಗಳಲ್ಲಿ ಕೆಲವಾದರೂ ಈ ಜಿಲ್ಲೆಯ ಕೈಗಾಯ, ಅಡಿಕೆ ಮರದ ಬೀಳುವಿಕೆ, ಸುಟ್ಟಗಾಯಗಳ ನಂತರದ ಬದುಕನ್ನು ಕುರಿತಿರಲಿ. ಫಿಸಿಯೋಥೆರಪಿ ತಜ್ಞರೂ ದಾದಿಯರೂ ಅವುಗಳಲ್ಲಿ ಸಹಭಾಗಿಗಳಾಗಲಿ. ಅಂತಹ ವಿದ್ಯಾರ್ಥಿಗಳಿಗೆ ಹಳ್ಳಿಗಳಿಗೆ ಓಡಾಡುವ ಖರ್ಚು ಕೊಡುವ ಪುಟ್ಟ ನಿಧಿಯನ್ನು ದಾನಿಗಳು ಸ್ಥಾಪಿಸಬಹುದು. ಶಿಬಿರದ ಶಾಮಿಯಾನ, ಫ್ಲೆಕ್ಸ್, ಹಾರತುರಾಯಿಗಳ ವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿದರೆ ಅನುಸರಣಾ ಪುಸ್ತಕ ನೋಡಿಕೊಳ್ಳುವ ಒಬ್ಬ ಗುಮಾಸ್ತನ ಸಂಬಳಕ್ಕೆ ಆಧಾರವಾದೀತು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಕೆಟ್ಟ ಫಲಿತಾಂಶವನ್ನೂ ಬಹಿರಂಗಪಡಿಸುವ ಧೈರ್ಯ ನಮಗೆ ಬರಬೇಕು. ನೂರು ಜನರಿಗೆ ಕೃತಕ ಕಾಲು ಕೊಟ್ಟು, ವರ್ಷದ ನಂತರ ಮೂವತ್ತು ಜನರಷ್ಟೇ ಅದನ್ನು ಧರಿಸುತ್ತಿದ್ದಾರೆಂದು ತಿಳಿದರೆ ದಾನಿಗೆ ಬೇಸರವಾದೀತು, ಸಂಘಟಕರಿಗೆ ಮುಜುಗರವಾದೀತು. ಆದರೆ ಉಳಿದ ಎಪ್ಪತ್ತು ಜನರು ಏಕೆ ಧರಿಸುತ್ತಿಲ್ಲವೆಂಬ ಪ್ರಶ್ನೆಯಿಂದಲೇ ಮುಂದಿನ ವರ್ಷದ ಸೇವೆ ಸಾರ್ಥಕವಾಗುವುದು. ದಾಸೋಹದ ಮನೆಯಲ್ಲಿ ಎಷ್ಟು ಜನರಿಗೆ ಬಡಿಸಿದೆವೆಂದು ಲೆಕ್ಕವಿಡುತ್ತೇವೆ, ಉಂಡವರಿಗೆ ತೃಪ್ತಿಯಾಯಿತೇ ಎಂದು ಕೂಡ ಕೇಳುತ್ತೇವೆ. ವೈದ್ಯಕೀಯ ದಾಸೋಹದಲ್ಲಿ ಎರಡನೆಯ ಮಾತನ್ನು ಮರೆತಿದ್ದೇವೆ.

ಸಂಶೋಧನೆಯೆಂದರೆ ಬಡವರ ಮೇಲೆ ಪ್ರಯೋಗ ಎಂಬ ಭಯ ಜನರಲ್ಲಿದೆ. ಆ ಭಯ ನಿರಾಧಾರವೆಂದು ನಾನು ಹೇಳಲಾರೆ. ಬಡವರ ಅಸಹಾಯಕತೆಯನ್ನು ದುರುಪಯೋಗಪಡಿಸಿಕೊಂಡ ಉದಾಹರಣೆಗಳು ಜಗತ್ತಿನ ವೈದ್ಯಕೀಯ ಚರಿತ್ರೆಯಲ್ಲಿವೆ. ಆದಕಾರಣವೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ಮಾರ್ಗಸೂಚಿಯಲ್ಲಿ ನೀತಿ ಸಮಿತಿಯ ಅನುಮತಿಯನ್ನೂ ರೋಗಿಯ ತಿಳಿದು ನೀಡಿದ ಒಪ್ಪಿಗೆಯನ್ನೂ ಕಡ್ಡಾಯವೆಂದಿದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಒಲ್ಲೆನೆಂದವರಿಗೆ ಚಿಕಿತ್ಸೆಯಲ್ಲಿ ಎಳ್ಳಷ್ಟೂ ಕೊರತೆಯಾಗಬಾರದು. ಅವರ ಹೆಸರು, ಕಾಯಿಲೆ ಹೊರಗೆ ಹೋಗಬಾರದು. ಮಠದ ಮಾತಿಗೆ ಭಕ್ತರು ಇಲ್ಲವೆನ್ನಲಾರರು. ಆ ನಂಬಿಕೆಯನ್ನೇ ಒತ್ತಡವಾಗಿ ಬಳಸದಂತೆ ಎಚ್ಚರ ವಹಿಸುವುದು ನಮ್ಮ ಹೆಚ್ಚಿನ ಹೊಣೆ.

ಹರಿಹರದ ಆ ವ್ಯಕ್ತಿಯ ಕೈಯನ್ನು ಸ್ವಲ್ಪಮಟ್ಟಿಗೆ ಸರಿಪಡಿಸಲು ಮತ್ತೆ ಯತ್ನಿಸಿದೆವು. ಬೆರಳುಗಳು ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಅಂದಿನಿಂದ ನನ್ನ ಮೇಜಿನ ಮೇಲೆ ಎರಡು ಪುಸ್ತಕಗಳಿವೆ. ಒಂದರಲ್ಲಿ ನಾನು ಮಾಡಿದ ಶಸ್ತ್ರಚಿಕಿತ್ಸೆಗಳಿವೆ. ಇನ್ನೊಂದರಲ್ಲಿ, ಹೊಲಿಗೆ ಬಿಚ್ಚಿದ ಮೂರು ವಾರಕ್ಕೆ ಯಾರಿಗೆ ಫೋನು ಮಾಡಬೇಕೆಂಬ ಪಟ್ಟಿಯಿದೆ. ಎರಡನೆಯದನ್ನು ತೆರೆಯಲು ಇಂದಿಗೂ ಸ್ವಲ್ಪ ಅಳುಕಾಗುತ್ತದೆ. ಅಲ್ಲಿ ನನ್ನ ಸೋಲುಗಳಿವೆ. ಆದರೆ ಆ ಚೀಟಿಯಲ್ಲಿ ಈಗ ವ್ಯಾಯಾಮದ ಸಾಲುಗಳೂ ಇರುತ್ತವೆ, ಚಿತ್ರವೂ ಇರುತ್ತದೆ, "ಬರಲಾಗದಿದ್ದರೆ ಈ ಸಂಖ್ಯೆಗೆ ಕರೆ ಮಾಡಿ" ಎಂಬ ಮಾತೂ ಇರುತ್ತದೆ. ಒಬ್ಬ ವೈದ್ಯನ ಮೇಜಿನ ಮೇಲೆ ಆಗುವುದು ಒಂದು ಜಿಲ್ಲೆಯಲ್ಲಿ ಆಗಬಾರದೇಕೆ? ಮುಂದಿನ ಶಿಬಿರದಿಂದಲೇ ಇದಕ್ಕೆ ಮೊದಲಾಗಲೆಂದು ಪೂಜ್ಯರಲ್ಲಿಯೂ ಸದ್ಭಕ್ತರಲ್ಲಿಯೂ ಅರಿಕೆ ಮಾಡಿಕೊಳ್ಳುತ್ತೇನೆ.